ಹಸಿ ತೂಕ

ಮೆಕ್ಕೆಜೋಳದ ಅಂಗಡಿಯಲ್ಲಿ ತೂಕದ ಚೀಟಿ ಬರೆಯುತ್ತೇನೆ,
ದಾವಣಗೆರೆ ಎಪಿಎಂಸಿ, ಹದಿನೇಳು ವರ್ಷ.
ಒಟ್ಟು, ಚೀಲದ ತೂಕ, ನಿವ್ವಳ.
ಹಮಾಲರು ಕೂಗುತ್ತಾರೆ, ನಾನು ಬರೆಯುತ್ತೇನೆ.
ಯಾರ್ಡಿನಲ್ಲಿ ಒಂದು ಮಾತಿತ್ತು:
'ಕೊಟ್ರಕ್ಕನ ಏಳು ಯಾವತ್ತೂ ಒಂದಾಗಲ್ಲ.'

ಕಾರ್ತೀಕದ ಒಂದು ಬೆಳಿಗ್ಗೆ ಬೆರಳು ಮಡಿಸಲಾಗಲಿಲ್ಲ.
ಪೇಸ್ಟಿನ ಮುಚ್ಚಳ ತಿರುಗಿಸಲು ಮಗಳನ್ನು ಎಬ್ಬಿಸಿದೆ.
ಚಳಿಗೆ, ಅಂದೆ. ಬಚ್ಚಲ ಬಿಸಿನೀರಿನಲ್ಲಿ ಕೈ ಅದ್ದಿ
ಒಂಬತ್ತರ ಲಾರಿಗೆ ಹಾಜರಾದೆ.
ಮೂರು ತಿಂಗಳು ಹೀಗೇ, ಅದು ಮಾತಾಡುವುದು,
ನಾನು 'ಈಗಲ್ಲ, ಸೀಜನ್ನು ಮುಗಿಯಲಿ' ಅನ್ನುವುದು.

ದೊಡ್ಡಾಸ್ಪತ್ರೆಯಲ್ಲಿ ಅದಕ್ಕೊಂದು ಹೆಸರಿಟ್ಟರು.
ಸಂಧಿವಾತ. ಹೋಗುವಂಥದ್ದಲ್ಲ, ಹಿಡಿತದಲ್ಲಿಡುವಂಥದ್ದು.
ಸೋಮವಾರ ರಾತ್ರಿ ಹಳದಿ ಮಾತ್ರೆ,
ದಿನಾ ಬೆಳಿಗ್ಗೆ ಸ್ಟೀರಾಯ್ಡು, ತೊಗರಿಕಾಳಿಗಿಂತ ಚೂರು ದೊಡ್ಡದು.
ಅಷ್ಟು ಚಿಕ್ಕದು ತಂದ ಹಸಿವು ಮಾತ್ರ
ಊರಗಲ.
ನಡುರಾತ್ರಿ ಎದ್ದು ದೀಪ ಹಾಕದೆ
ಡಬ್ಬಿಯ ಮಂಡಕ್ಕಿ ಮುಕ್ಕಿದ್ದೇನೆ,
ಸದ್ದಾಗದ ಹಾಗೆ ನೀರಿನಲ್ಲಿ ನೆನೆಸಿ.

ಹನ್ನೊಂದು ಕೆಜಿ. ಮುಖ ಪೂರಿಯಾಯಿತು.
ಬೆರಳಲ್ಲಿ ಸಿಕ್ಕಿಕೊಂಡ ಮದುವೆಯುಂಗುರವನ್ನು
ಅಕ್ಕಸಾಲಿ ಕತ್ತರಿಸಿ, ತೂಗಿ ಕೈಗಿಟ್ಟ:
ಮೂರು ಗ್ರಾಂ, ನೂರು ಮಿಲಿ.
ಆ ವರ್ಷ ಹೆಚ್ಚಾಗದೆ ಉಳಿದ ತೂಕ ಅದೊಂದೇ.

ಸಲಹೆಗೇನು ಬರ?
ನಾದಿನಿ ಅನ್ನ ಬಿಡು ಅಂದಳು, ಎದುರುಮನೆಯವರು ರೊಟ್ಟಿ.
ಕುಂದವಾಡ ಕೆರೆಯೇರಿಯ ಮೇಲೆ
ಬಿಳಿ ಬೂಟಿನ ಹೆಂಗಸೊಬ್ಬಳು ನನ್ನನ್ನು ದಾಟುತ್ತ
'ಮನಸ್ಸು ಮಾಡಬೇಕ್ರೀ' ಅಂದಳು.
ಹಟಕ್ಕೆ ಬಿದ್ದು ಪೂರ್ತಿ ಸುತ್ತು ಹಾಕಿದೆ.
ನಾಲ್ಕು ದಿನ ಮೆಟ್ಟಿಲಿಳಿಯಲಿಲ್ಲ.

ರೈಲ್ವೆ ಸ್ಟೇಷನ್ನಿನ ಮಿಣಿಮಿಣಿ ಬಲ್ಬಿನ ಯಂತ್ರ
ನಾಣ್ಯ ನುಂಗಿ ಚೀಟಿ ಉದುರಿಸಿತು. ಎಂಬತ್ಮೂರು.
ಹಿಂದುಗಡೆ, 'ನಿಮಗೆ ದೂರ ಪ್ರಯಾಣದ ಯೋಗವಿದೆ.'
ನಗು ಬಂತು. ನಕ್ಕರೆ ದವಡೆಯೂ ನೋಯಿತು.

ತೇವದ ಮೀಟರು ಕೆಟ್ಟ ದಿನ
ಹಮಾಲಿ ಖಲಂದರ್ ಸಾಬರನ್ನು ಕರೆಯುತ್ತಾರೆ.
ಚೀಲದೊಳಗೆ ಮೊಣಕೈವರೆಗೆ ತೋಳು ಇಳಿಸಿ
ಸುಮ್ಮನೆ ನಿಲ್ಲುತ್ತಾರೆ, ಕೂಸಿನ ಜ್ವರ ನೋಡುವವರ ಹಾಗೆ.
ಆಮೇಲೆ ಒಂದು ಕಾಳು ಹಲ್ಲಿಗೆ.
ಕಟ್ ಅಂದರೆ ಒಣಗಿದೆ.
ಸದ್ದಿಲ್ಲದೆ ಹಲ್ಲು ಇಳಿದರೆ ಹಸಿ.
'ಹಸಿ ಮಾಲಿಗೆ ಬೈದ್ರೆ ಒಣಗತೈತೇನ್ರೀ ಅಕ್ಕಾರೆ?
ಹರವಬೇಕು. ಆಗಾಗ ಕೈಯಾಡಸಬೇಕು.
ಗುಡ್ಡೆ ಹಾಕಿ ಮುಚ್ಚಿಟ್ರೆ ಒಳಗೇ ಕಾವೆದ್ದು ಬೂಸ್ಟು ಹಿಡಿತೈತೆ.'
ಅವರು ಆಡಿದ್ದು ಮೆಕ್ಕೆಜೋಳದ ಮಾತು.
ನನ್ನ ಕೈ ಕಡೆ ನೋಡಲೂ ಇಲ್ಲ.

ಈಗ ಬೆಳಗಿನ ಐದೂವರೆಗೆ, ಕಾಲು ನೆಲಕ್ಕಿಡುವ ಮೊದಲು,
ಹೊದಿಕೆಯೊಳಗೇ ಸ್ವಲ್ಪ ಹೊತ್ತು ಸುಮ್ಮನಿರುತ್ತೇನೆ.
ಮೊಣಕಾಲೇ, ಇವತ್ತು ಎಲ್ಲಿಯವರೆಗೆ?
ಕೆಲವು ದಿನ ಎರಡನೆಯ ಕಲ್ಲುಬೆಂಚು ಅನ್ನುತ್ತದೆ,
ಕೆಲವು ದಿನ ಕೆರೆಯ ಗೇಟು ಮುಟ್ಟಿ ಬಾ, ಸಾಕು.
ಸುಳ್ಳೂ ಹೇಳುತ್ತದೆ,
ಸೋಮಾರಿತನಕ್ಕೆ ನೋವಿನ ದನಿ ಕಲಿಸಿ.
ಗುರುತು ಹತ್ತುತ್ತಿದೆ, ನಿಧಾನಕ್ಕೆ.
ಹಸಿವಿನದೂ ಹಾಗೇ. ಮಾತ್ರೆಯ ಹಸಿವು ಗಂಟಲಲ್ಲೇ ನಿಂತು ಕೂಗುತ್ತದೆ,
ನನ್ನದು ಹೊಟ್ಟೆಯಲ್ಲಿ ಕೂತು ಕಾಯುತ್ತದೆ.
ಎರಡಕ್ಕೂ ಒಂದೇ ಡಬ್ಬಿ ತೆರೆಯುತ್ತಿದ್ದೆ ಇಷ್ಟು ದಿನ.

ತೂಕವಾ? ಎರಡು ಇಳಿಯಿತು, ಮತ್ತೆ ಒಂದು ಏರಿತು.
ಮಾತ್ರೆಯನ್ನು ಡಾಕ್ಟರು ಅರ್ಧ ಮಾಡಿದ್ದಾರೆ.
ಖಾಲಿ ಚೀಟಿಯೊಂದರ ಮೇಲೆ ಬರೆದಿಟ್ಟುಕೊಂಡೆ:
ಒಟ್ಟು, ಎಂಬತ್ತೆರಡು.
ಕಳೆ, ನೀರು, ಮಾತ್ರೆ, ಇಷ್ಟೂ ಸೀಜನ್ನುಗಳ 'ಈಗಲ್ಲ'.
ನಿವ್ವಳದ ಜಾಗ ಹಾಗೇ ಬಿಟ್ಟೆ.

ನಿನ್ನೆ ಸಾಹುಕಾರರು ಚೀಟಿ ವಾಪಸು ಕಳಿಸಿದರು,
ಏಳು ಒಂದರಂತೆ ಕಾಣುತ್ತಿದೆಯಂತೆ.
ಪೆನ್ನು ಕೆಳಗಿಟ್ಟೆ.
ಕಾಳು ಹರವಿದ ಕಟ್ಟೆಯ ಅಂಚಿಗೆ ಕೂತು
ಹತ್ತೂ ಬೆರಳು ಬಿಸಿಲಿಗೆ ಚಾಚಿದೆ.
'ಹತ್ತು ನಿಮಿಷ' ಅಂದೆ, ಜೋರಾಗಿಯೇ.

ಲಾರಿ ಕಾಯಿತು.